ಕಾಲು ಸುತ್ತು

ನಮ್ಮ ಮನೆಯ ಕಾಲೊರಸು ಒಂದು ವಾರದಿಂದ ಒದ್ದೆಯಾಗಿಯೇ ಇತ್ತು. ಒದ್ದೆಯಾಗುವುದು ಕಾಲೊರಸಿನ ಕುಲಕಸುಬು. ಅದಕ್ಕಾಗಿ ಯಾರೂ ಪಂಚಾಯಿತಿ ಸೇರಿಸುವುದಿಲ್ಲ. ಆದರೆ ಮಾನವಂತ ಕಾಲೊರಸು ಬೆಳಿಗ್ಗೆ ನೆಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಒಣಗಿರಬೇಕು. ಇದು ಒಣಗುತ್ತಿರಲಿಲ್ಲ. ಮೊದಲೆರಡು ದಿನ ಅನುಮಾನ ನನ್ನ ಮೇಲಿತ್ತು. ಕಾಲು ತೊಳೆದು ಬಂದವನು ಒರಸಿಕೊಂಡು ಮುಂದೆ ಹೋಗದೆ ಅದರ ಮೇಲೇ ನಿಂತು ಏನಾದರೂ ಯೋಚಿಸುತ್ತಿರುತ್ತೇನೆ ಎಂಬುದು ನನ್ನ ಹೆಂಡತಿಯ ಹಳೆಯ ದೂರು. ದೂರು ನಿಜ. ಈ ಪ್ರಬಂಧದ ಅರ್ಧ ಭಾಗ ಹುಟ್ಟಿದ್ದೂ ಅಲ್ಲಿಯೇ. ಮೂರನೆಯ ದಿನ ಅನುಮಾನ ಪಕ್ಕದ ಮನೆಯ ಬೆಕ್ಕಿನ ಕಡೆ ಹೊರಳಿತು. ನಾಲ್ಕನೆಯ ದಿನ ನಮ್ಮಮ್ಮ, ಎಂಬತ್ತೆರಡು ವರ್ಷದ ಅಮ್ಮ, ಕಾಲೊರಸನ್ನು ಊರುಗೋಲಿನ ತುದಿಯಿಂದ ಎತ್ತಿ, ಅಡಿಯ ನೆಲವನ್ನು ಕಣ್ಣು ಕಿರಿದು ಮಾಡಿ ನೋಡಿ ತೀರ್ಪು ಕೊಟ್ಟಳು: "ಇದು ಕಾಲಿಂದ ಬಂದ ನೀರಲ್ಲ ಕಣೋ. ಗೋಡೆ ಕಡೆಯಿಂದ ಬಂದದ್ದು."

ಕಾಲೊರಸು ಇದ್ದದ್ದು ಕಕ್ಕಸಿನ ಬಾಗಿಲಲ್ಲಿ.

ಕಕ್ಕಸು ಎಂದು ಬರೆದು ಒಂದು ಗಳಿಗೆ ಪೆನ್ನು ನಿಲ್ಲಿಸಿದೆ. ಲಲಿತವಾಗಿರಬೇಕಾದ ಪ್ರಬಂಧಕ್ಕೆ ಈ ಮಾತು ಒಗ್ಗುತ್ತದೆಯೇ? ಶೌಚಾಲಯ ಎನ್ನೋಣವೆಂದರೆ ಅದು ಬಸ್ ನಿಲ್ದಾಣದ ಬೋರ್ಡಿನ ಮಾತು. ಬರೆದ ಕೂಡಲೇ ಹಾಳೆಗೆ ಫಿನಾಯಿಲಿನ ವಾಸನೆ ಹತ್ತುತ್ತದೆ. ಧಾರವಾಡದ ಗೆಳೆಯರು ಸಂಡಾಸು ಅನ್ನುತ್ತಾರೆ. ಮನೆಗೆ ಬಂದ ನೆಂಟರು ಸ್ನಾನ ಮಾಡುವ ಉದ್ದೇಶ ಎಳ್ಳಷ್ಟೂ ಇಲ್ಲದಿದ್ದರೂ "ಬಾತ್‌ರೂಮ್ ಎಲ್ಲಿದೆ?" ಎಂದು ಕೇಳುತ್ತಾರೆ. ಆಫೀಸಿನ ಹುಡುಗರು ರೆಸ್ಟ್‌ರೂಮ್ ಅನ್ನುತ್ತಾರೆ, ಹೋದವರು ಫೋನು ಹಿಡಿದು ನಿಜವಾಗಿಯೂ ವಿಶ್ರಾಂತಿ ತೆಗೆದುಕೊಂಡು ಬರುತ್ತಾರೆ. ಕಕ್ಕಸು ಕೂಡ ಅಚ್ಚಗನ್ನಡವೇನಲ್ಲ, ಡಚ್ಚರ ಹಡಗಿನಲ್ಲಿ ಬಂದಿಳಿದದ್ದು ಎನ್ನುತ್ತಾರೆ ಬಲ್ಲವರು. ನನಗೆ ಇಷ್ಟವಾದದ್ದು ನಮ್ಮಜ್ಜ ಬಳಸುತ್ತಿದ್ದ ಪಾಯಖಾನೆ. ಪಾರಸಿಯಲ್ಲಿ ಪಾಯ್ ಎಂದರೆ ಕಾಲು, ಖಾನೆ ಎಂದರೆ ಮನೆ. ಕಾಲುಮನೆ! ಯಾಕೆ ಕಾಲು ಎಂದು ಪಂಡಿತರು ಏನಾದರೂ ಹೇಳಿಕೊಳ್ಳಲಿ, ನನಗೆ ಗೊತ್ತಿರುವ ಕಾರಣ ಒಂದೇ: ಅಲ್ಲಿಗೆ ನಡೆಯಬೇಕಿತ್ತು.

ನಂಜನಗೂಡಿನ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಅದು ಹಿತ್ತಲಿನ ಕಟ್ಟಕಡೆಯಲ್ಲಿತ್ತು. ಅಡಿಗೆಮನೆಯ ಹಿಂಬಾಗಿಲಿನಿಂದ ಬಾವಿಕಟ್ಟೆ, ಬಾವಿಕಟ್ಟೆಯಿಂದ ನುಗ್ಗೆಮರ, ಅಲ್ಲಿಂದ ಕೊಟ್ಟಿಗೆಯ ಗಂಜಲದ ಗುಂಡಿಯನ್ನು ಬಳಸಿಕೊಂಡು ನನ್ನ ಅಂದಿನ ಹೆಜ್ಜೆಯಲ್ಲಿ ಎಂಬತ್ತು ಹೆಜ್ಜೆ. ಕೈಯಲ್ಲಿ ಚೊಂಬು. ರಾತ್ರಿಯಾದರೆ ಇನ್ನೊಂದು ಕೈಯಲ್ಲಿ ಲಾಟೀನು, ಎರಡೂ ಕೈ ತುಂಬಿರುವಾಗ ಮೂಗಿನ ಮೇಲೆ ಕೂರಲೆಂದೇ ಕಾಯುತ್ತಿದ್ದ ಒಂದು ಸೊಳ್ಳೆ. ಆಗ ನಮ್ಮ ಕಾಲುಮನೆಯ ನೀರಿನ ಕನೆಕ್ಷನ್ ಎಂದರೆ ನನ್ನ ಬಲಗೈ. ಅದೂ ಸೋರುತ್ತಿತ್ತು. ತುಂಬಿದ ಚೊಂಬಿನೊಂದಿಗೆ ಹೊರಟವನು ನುಗ್ಗೆಮರ ದಾಟುವಷ್ಟರಲ್ಲಿ ಕಾಲೆಲ್ಲ ಒದ್ದೆ, ಚೊಂಬು ಮುಕ್ಕಾಲು.

ಆಮೇಲಿನ ವರ್ಷಗಳಲ್ಲಿ ಅದು ಹೆಜ್ಜೆ ಹೆಜ್ಜೆಯಾಗಿ ನಮ್ಮ ಹತ್ತಿರ ಬಂತು. ಮೊದಲು ಬಾವಿಕಟ್ಟೆಯ ಪಕ್ಕಕ್ಕೆ, ಆಮೇಲೆ ಬಚ್ಚಲುಮನೆಯ ಮಗ್ಗುಲಿಗೆ. ಮೈಸೂರಿನ ಸರಸ್ವತೀಪುರಂಗೆ ಬಂದ ಮೇಲಂತೂ ಹೊಸ್ತಿಲು ದಾಟಿ ಒಳಗೇ ಬಂದು ಕೂತು, ಈಗ ದೇವರಮನೆಯ ಗೋಡೆಗೆ ಬೆನ್ನು ತಾಗಿಸಿಕೊಂಡಿದೆ. ಗೃಹಪ್ರವೇಶದ ದಿನ ಈ ವಾಸ್ತುವನ್ನು ಕಂಡು ಅಮ್ಮ ಮಾತಾಡಲಿಲ್ಲ. ಆದರೆ ಇವತ್ತಿಗೂ ದೀಪ ಹಚ್ಚುವಾಗ ಆ ಕಡೆಯ ಗೋಡೆಯಲ್ಲಿ ಫ್ಲಶ್ಶಿನ ಸದ್ದು ಕೇಳಿದರೆ ಗಂಟೆಯನ್ನು ಸ್ವಲ್ಪ ಜೋರಾಗಿ ಬಾರಿಸುತ್ತಾಳೆ.

ಇರಲಿ, ಮತ್ತೆ ಕಾಲೊರಸಿಗೆ ಬರುತ್ತೇನೆ. ಅಥವಾ ಕಾಲೊರಸಿನಿಂದ ಫೋನಿಗೆ. ನನ್ನ ಫೋನಿನಲ್ಲಿ ಮೂವರು ಪ್ಲಂಬರುಗಳಿದ್ದಾರೆ. ಒಬ್ಬರ ಹೆಸರು 'ಪ್ಲಂಬರ್'. ಇನ್ನೊಬ್ಬರದು 'ಪ್ಲಂಬರ್ ಹೊಸಬ'. ಇವರು ಹೊಸಬರಾಗಿ ಒಂಬತ್ತು ವರ್ಷವಾಯಿತು. ಮೂರನೆಯವರು 'ಪ್ಲಂಬರ್ ಬರ್ತೀನಿ ಅಂತಾರೆ'. ಅದು ಭಾನುವಾರ. ಮೊದಲನೆಯವರ ಫೋನು ಒಂದು ಭಕ್ತಿಗೀತೆಯನ್ನು ಪೂರ್ತಿ ಕೇಳಿಸಿ ತಾನೇ ಸುಮ್ಮನಾಯಿತು. ಎರಡನೆಯವರು ಮದುವೆಗೆಂದು ಚಾಮರಾಜನಗರಕ್ಕೆ ಹೋಗಿದ್ದರು. ಮೂರನೆಯವರು ಬರ್ತೀನಿ ಅಂದರು.

ಈ ಪ್ಲಂಬರ್ ಎಂಬ ಮಾತಿಗೂ ಒಂದು ಗತ್ತಿದೆ. ಲ್ಯಾಟಿನಿನಲ್ಲಿ ಪ್ಲಂಬಂ ಎಂದರೆ ಸೀಸ. ರೋಮಿನವರು ನೀರಿಗೆ ಸೀಸದ ಕೊಳವೆ ಹಾಕುತ್ತಿದ್ದರು, ಅದನ್ನು ಬಡಿದು ಬೆಸೆಯುವವನು ಪ್ಲಂಬರ್. ಬಳೆಗಾರ, ಹೂಗಾರ ಇದ್ದ ಹಾಗೆ ಸೀಸಗಾರ ಅಂದುಕೊಳ್ಳಬಹುದು. ಸೀಸ ಹೋಗಿ ಕಬ್ಬಿಣ ಬಂತು, ಕಬ್ಬಿಣ ಹೋಗಿ ಪ್ಲಾಸ್ಟಿಕ್ಕು ಬಂತು. ಸೀಸಗಾರ ಮಾತ್ರ ಬರಲಿಲ್ಲ. ಹನ್ನೊಂದು ಗಂಟೆಗೆ ನಾನು ಲುಂಗಿ ಎತ್ತಿ ಕಟ್ಟಿದೆ.

"ಏನ್ರೀ, ನೀವೇ ಕೈ ಹಾಕ್ತೀರಾ?" ಎಂದಳು ಹೆಂಡತಿ. ಅದು ಪ್ರಶ್ನೆಯಲ್ಲ. ಹಿಂದೊಮ್ಮೆ ನಾನು ಮಿಕ್ಸಿಯನ್ನು ರಿಪೇರಿ ಮಾಡಿದಾಗ ಅದು ಹಿಂದುಮುಂದಾಗಿ ತಿರುಗತೊಡಗಿದ್ದರ ಇತಿಹಾಸ ಆ ಒಂದು ವಾಕ್ಯದಲ್ಲಿ ಮಡಚಿಕೊಂಡು ಕೂತಿತ್ತು.

ಬಟ್ಟೆ ಒಗೆಯುವಾಗ ಕೂರುವ ಕುಳ್ಳ ಸ್ಟೂಲನ್ನು ಒಳಗೊಯ್ದು, ಕಮೋಡಿನ ಪಕ್ಕದಲ್ಲಿಟ್ಟು ಕೂತೆ. ಹದಿನೈದು ವರ್ಷದಿಂದ ದಿನಾ ಹೋಗುವ ಕೋಣೆ. ಆದರೂ ಆ ಎತ್ತರದಿಂದ, ಆ ಮೂಲೆಯಿಂದ ಅದನ್ನು ನೋಡಿಯೇ ಇರಲಿಲ್ಲ. ನಾವು ಅಲ್ಲಿ ಯಾವಾಗಲೂ ಬಾಗಿಲಿಗೆ ಮುಖ ಮಾಡಿ ಕೂರುವವರು. ಬೆನ್ನ ಹಿಂದೆ ಒಂದು ಲೋಕವಿದೆ ಎಂದು ಯಾರಿಗೆ ಗೊತ್ತು? ತೊಟ್ಟಿಯ ಹಿಂದಿನ ಸಂದಿಯಲ್ಲಿ ಎಂದೋ ಕಳೆದುಹೋಗಿದ್ದ ಒಂದು ಕ್ಲಿಪ್ಪು, ಬೆರಳಷ್ಟಾಗಿ ಸವೆದ ಸೋಪು. ಟೈಲ್ಸ್ ಹಾಕಿದವರು ಪೆನ್ಸಿಲಿನಲ್ಲಿ ಬರೆದಿಟ್ಟ '18' ಎಂಬ ಅಂಕಿ ಹಾಗೇ ಇತ್ತು. ಯಾವುದರ 18, ಯಾವ ಲೆಕ್ಕದ 18, ಬರೆದ ಕೈ ಈಗ ಯಾವ ಮನೆಯ ಗೋಡೆಯಲ್ಲಿ ಇನ್ನೇನು ಬರೆಯುತ್ತಿದೆಯೋ.

ಯಂತ್ರ ಸರಳ. ಗೋಡೆಯಿಂದ ಒಂದು ಆಂಗಲ್ ಕಾಕು ಮೂತಿ ಚಾಚಿದೆ. ಅದರಿಂದ ಬಿಳಿಯ ಕನೆಕ್ಷನ್ ಪೈಪೊಂದು ಆನೆಮರಿಯ ಸೊಂಡಿಲಿನಂತೆ ಬಾಗಿ ಫ್ಲಶ್ ಟ್ಯಾಂಕಿನ ಹೊಟ್ಟೆಗೆ ಸೇರಿದೆ. ಗೋಡೆ ಮತ್ತು ಕಾಕು, ಕಾಕು ಮತ್ತು ಪೈಪು, ಪೈಪು ಮತ್ತು ಟ್ಯಾಂಕು: ಮೂರೇ ಸಂದು. ಮೂರರಲ್ಲಿ ಕಳ್ಳ ಯಾರು? ಇಲ್ಲಿ ನೀರಿನ ಜಾಣತನ ನೋಡಬೇಕು. ಅದು ಸೋರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಮೇಲಿನ ನಟ್ಟಿನಲ್ಲಿ ಹುಟ್ಟಿ, ಪೈಪಿನ ಮೈಗೆ ಅಂಟಿಕೊಂಡು ಸದ್ದಿಲ್ಲದೆ ಇಳಿದು, ಕೆಳಗಿನ ನಟ್ಟಿನ ತುದಿಯಲ್ಲಿ, ಅಲ್ಲೇ ಹುಟ್ಟಿ ಬೆಳೆದ ಹಾಗೆ ತೂಗುತ್ತಿರುತ್ತದೆ. ನಮ್ಮ ಮನೆಯ ನೀರು ಅಲ್ಲಿಂದ ಇಳಿದು ಟೈಲ್ಸಿನ ಗೆರೆ ಹಿಡಿದು ಕಾಲೊರಸಿನವರೆಗೆ ಆರಡಿ ನಡೆದಿತ್ತು. ನೀರಿಗೂ ಕಾಲಿದೆ, ಇಲ್ಲದಿದ್ದರೆ ಕಾಲುವೆ ಎಂಬ ಮಾತು ಎಲ್ಲಿಂದ ಬರಬೇಕು?

ಸಂದುಗಳನ್ನು ಒಣಗಿಸಿ ಏನಾದರೂ ಪುಡಿ ಸವರಿದರೆ ಒದ್ದೆಯ ಗುಟ್ಟು ಹೊರಬೀಳುತ್ತದೆ ಎಂದು ಹೊಳೆಯಿತು. ಕೈಗೆ ಸುಲಭವಾಗಿ ಸಿಕ್ಕುವ ಬಿಳಿ ಪುಡಿ ದೇವರಮನೆಯ ವಿಭೂತಿ. ಭರಣಿ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟಿರಲಿಲ್ಲ, ಅಮ್ಮನ ದನಿ ಬಂತು: "ಇಡೋ ಅದನ್ನ! ಕಕ್ಕಸಿಗೆ ತಗೊಂಡ್ಹೋಗ್ತಾನಂತೆ ದೇವರ ವಿಭೂತೀನ! ಬುದ್ಧಿ ಎಲ್ಲಿಟ್ಟಿದ್ದೀಯ?" ಕೊನೆಗೆ ಹೆಂಡತಿಯ ಮುಖದ ಪೌಡರು ಸಿಕ್ಕಿತು, ಕೇಳದೆ ತೆಗೆದುಕೊಂಡೆ. ಮೂರು ಸಂದಿಗೂ ಪೌಡರು ಸವರಿಸಿಕೊಂಡ ಆ ಸಲಕರಣೆ ಯಕ್ಷಗಾನಕ್ಕೆ ಬಣ್ಣ ಹಚ್ಚಲು ಕೂತ ಹುಡುಗನಂತೆ, ಮಲ್ಲಿಗೆಯ ಘಮದೊಂದಿಗೆ, ಸಂಕೋಚದಿಂದ ನಿಂತಿತು. ಎರಡು ನಿಮಿಷ. ಗೋಡೆಯ ಕಡೆ ಬಿಳಿ ಹಾಗೇ ಉಳಿಯಿತು. ಟ್ಯಾಂಕಿನ ಕಡೆಯೂ ಬಿಳಿ. ನಡುವಿನದು, ಕಾಕಿಗೂ ಪೈಪಿಗೂ ನಡುವಿನ ನಟ್ಟು, ಒಂದು ಬದಿಯಿಂದ ಕಪ್ಪಗೆ, ತೆಳ್ಳಗೆ ಕರಗತೊಡಗಿತು.

ಅಲ್ಲಿಯೇ ಹನಿಯೊಂದು ಹುಟ್ಟುವುದನ್ನು ಮೂಗಿನ ಹತ್ತಿರ ನೋಡಿದೆ. ಮೊದಲು ನಟ್ಟಿನ ಕೆಳತುದಿಯಲ್ಲಿ ಒಂದು ಹೊಳಪು, ಅಷ್ಟೆ. ಹೊಳಪಿಗೆ ಹೊಟ್ಟೆ ಬರುತ್ತದೆ. ಹೊಟ್ಟೆಯೊಳಗೆ ಕೋಣೆಯ ಗವಾಕ್ಷಿ ತಲೆಕೆಳಗಾಗಿ ಮೂಡುತ್ತದೆ. ಅದರಾಚೆಯ ತೆಂಗಿನ ಗರಿಯ ಹಸಿರೂ ಒಂದು ಚುಕ್ಕೆಯಾಗಿ ಸೇರುತ್ತದೆ. ಹನಿ ಇನ್ನು ಬೀಳುತ್ತದೆ ಎನ್ನುವಾಗ ಬೀಳುವುದಿಲ್ಲ, ನಡುಗುತ್ತದೆ. ಕುತ್ತಿಗೆ ಸಣ್ಣದಾಗುತ್ತದೆ. ಆಮೇಲೆ ನಾವು ಕಣ್ಣು ಮಿಟುಕಿಸಿದ ಹೊತ್ತು ನೋಡಿಕೊಂಡು ಗವಾಕ್ಷಿ, ತೆಂಗು ಎಲ್ಲವನ್ನೂ ತೆಗೆದುಕೊಂಡು ಹೋಗಿಬಿಡುತ್ತದೆ. ಮೇಲುಳಿದ ಚೂರು ನೀರು ಎಳೆದುಬಿಟ್ಟ ರಬ್ಬರಿನಂತೆ ಹಿಂದಕ್ಕೆ ಜಿಗಿದು ಮತ್ತೆ ಹೊಳಪಾಗಿ ಕೂರುತ್ತದೆ. ಮಾಳಿಗೆ ಸೋರಿದ್ದಕ್ಕೆ ಶಿಶುನಾಳದ ಶರೀಫರು ಹಾಡು ಕಟ್ಟಿದರು. ಕಕ್ಕಸು ಸೋರಿದ್ದಕ್ಕೆ ಹಾಡು ಕಟ್ಟುವ ಧೈರ್ಯ ಯಾರಿಗಿದೆ? ನಾನು ಎಣಿಸಿದೆ, ಅಷ್ಟೆ. ನಿಮಿಷಕ್ಕೆ 20 ಹನಿ.

ಇಪ್ಪತ್ತು ಹನಿ ಸೇರಿದರೆ ಸುಮಾರು ಒಂದು ಮಿಲಿಲೀಟರು. ದಿನಕ್ಕೆ 1,440 ನಿಮಿಷ, ಅಂದರೆ ಹೆಚ್ಚುಕಡಿಮೆ ಒಂದೂವರೆ ಲೀಟರು. ವರ್ಷಕ್ಕೆ 525 ಲೀಟರು, ನಮ್ಮ ತಾರಸಿಯ ಟ್ಯಾಂಕಿನ ಅರ್ಧ. ಈ ಲೆಕ್ಕದಿಂದ ಗಾಬರಿಯಾಗಬೇಕಿತ್ತು. ಆದರೆ ನನಗೆ ನೆನಪಾದದ್ದು ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರ ಮೇಲೆ ತೇಲಿಬಿಡುತ್ತಿದ್ದರಂತೆ; ತೂತಿನಿಂದ ನೀರು ಜಿನುಗಿ ಬಟ್ಟಲು ಮುಳುಗಿದರೆ ಒಂದು ಗಳಿಗೆ, 24 ನಿಮಿಷ. ದಿನಕ್ಕೆ ಅರವತ್ತು ಮುಳುಗು. ಸೋರುವುದನ್ನೇ ಕಸುಬು ಮಾಡಿಕೊಂಡ ಪಾತ್ರೆ! ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಕತೆ ನಿಮಗೆ ಗೊತ್ತೇ ಇದೆ. ಮದುವೆಯ ಮುಹೂರ್ತಕ್ಕೆಂದು ತೇಲಿಬಿಟ್ಟ ಬಟ್ಟಲನ್ನು ಅವಳು ಬಗ್ಗಿ ನೋಡಿದಳು, ಮುತ್ತೊಂದು ಉದುರಿ ತೂತನ್ನು ಮುಚ್ಚಿತು, ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿಹೋಯಿತು. ದಂತಕತೆಯೇ ಇರಬಹುದು. ಆದರೆ ಸೋರದೆ ಹೋದದ್ದರಿಂದ ಮುರಿದ ಮದುವೆ ಬೇರೆ ಯಾವುದಿದೆ? ನಮ್ಮ ಮನೆಯ ಗಳಿಗೆಗೆ 480 ಹನಿ. ಇಷ್ಟು ನಿಖರವಾದ ಗಡಿಯಾರವನ್ನು ಕೆಡಿಸಬೇಕೇ ಎಂದು ಯೋಚಿಸುತ್ತ ಸ್ಟೂಲಿನ ಮೇಲೆ ಇನ್ನೂ ಒಂದು ಗಳಿಗೆ ಕೂತಿದ್ದೆ. "ಸರಿಹೋಯ್ತಾ?" ಎಂದು ಹೊರಗಿನಿಂದ ಕೇಳಿತು. "ಪತ್ತೆ ಆಯ್ತು," ಎಂದೆ, ಪೌಡರಿನ ಡಬ್ಬಿಯನ್ನು ಬೆನ್ನ ಹಿಂದೆ ಸರಿಸುತ್ತ.

ಇನ್ನು ನೀರು ನಿಲ್ಲಿಸಬೇಕು. ಆಂಗಲ್ ಕಾಕು ಇರುವುದೇ ಅದಕ್ಕೆ. ಆದರೆ ಹದಿನೈದು ವರ್ಷ ಯಾರೂ ಮಾತಾಡಿಸದೆ ಬಿಟ್ಟಿದ್ದ ಅದು ಈಗ ತಿರುಗಲು ಒಪ್ಪಲಿಲ್ಲ. ತಾರಸಿಗೆ ಹೋದೆ. ಟ್ಯಾಂಕಿನ ಬುಡದಲ್ಲಿ ಕೆಂಪು ಹಿಡಿಯ ನಾಲ್ಕು ಗೇಟ್ ವಾಲ್ವು. ಯಾವುದು ಯಾವ ಕೋಣೆಗೆ ಎಂದು ಮನೆ ಕಟ್ಟಿಸಿದ ದಿನ ಹೇಳಿದ್ದರು, ನಾನು ಗಂಭೀರವಾಗಿ ತಲೆಯಾಡಿಸಿದ್ದೆ. ಒಂದನೆಯದನ್ನು ಮುಚ್ಚಿದೆ. "ರೀ, ಅಡಿಗೆಮನೆ ನಲ್ಲಿ ನಿಂತ್ಹೋಯ್ತು!" ಎರಡನೆಯದನ್ನು ಮುಚ್ಚಿದೆ. ಕೆಳಗಿನ ಬಾಡಿಗೆ ಮನೆಯಿಂದ ಆರ್ತನಾದ: "ಸಾರ್, ತಲೆಗೆ ಸೋಪ್ ಹಾಕ್ಕೊಂಡಿದೀನಿ ಸಾರ್!" ಮೂರನೆಯದಕ್ಕೆ ಯಾರೂ ಕೂಗಲಿಲ್ಲ. ಅದೇ ಇರಬೇಕು.

ತಾರಸಿಗೆ ಹೋದ ಮೇಲೆ ಕೂಡಲೇ ಇಳಿಯುವ ಸ್ವಭಾವ ನನ್ನದಲ್ಲ. ಅಲ್ಲಿಂದ ಚಾಮುಂಡಿ ಬೆಟ್ಟ ಕಾಣುತ್ತದೆ, ನೀರಿನ ಟ್ಯಾಂಕುಗಳ ಕಪ್ಪು ಜಾತ್ರೆಯೂ ಕಾಣುತ್ತದೆ. ಈ ಊರು ಕುಡಿಯುವುದು ಹೆಚ್ಚಾಗಿ ಕಾವೇರಿಯನ್ನು. ಬೆಳಗೊಳ, ಹೊಂಗಳ್ಳಿ, ಮೇಳಾಪುರದ ಕಡೆಯಿಂದ ಪಂಪು ಮಾಡಿ ತರುತ್ತಾರೆ. ಪಂಪಿಲ್ಲದ ಕಾಲದಲ್ಲಿ, ಸುಮಾರು ಇನ್ನೂರು ವರ್ಷದ ಹಿಂದೆ, ದಿವಾನ್ ಪೂರ್ಣಯ್ಯನವರು ಕಾಲುವೆ ತೋಡಿಸಿ ಕಾವೇರಿಯನ್ನು ಮೈಸೂರಿಗೆ ನಡೆಸಿಕೊಂಡು ಬರಲು ಹೊರಟರು. ಆ ನೀರು ಬರಲಿಲ್ಲ. ಪೂರ್ಣಯ್ಯ ನಾಲೆ ಎಂದು ಈಗಲೂ ಕರೆಯುತ್ತಾರೆ: ಹೆಸರು ಪೂರ್ಣ, ಕೆಲಸ ಅಪೂರ್ಣ. ಅಂಥ ಮುತ್ಸದ್ದಿಗೇ ಬಗ್ಗದ ನದಿ ಈಗ ಅರ್ಧ ಇಂಚಿನ ಪೈಪಿನೊಳಗೆ ತಲೆ ತಗ್ಗಿಸಿ ಬಂದು ನನ್ನ ಕಕ್ಕಸಿನ ಹಿಂದೆ ಹನಿಹನಿಯಾಗಿ ತಪ್ಪಿಸಿಕೊಂಡು ಹೋಗುತ್ತಿದೆ ಎಂದರೆ, ತಪ್ಪು ಯಾರದೆಂದು ನನಗೆ ಸ್ಪಷ್ಟವಾಗಲಿಲ್ಲ.

ಹಾರ್ಡ್‌ವೇರ್ ಅಂಗಡಿಗೆ ಮೊದಲ ಸಲ ಹೋದಾಗ ಕೇಳಿದ್ದು ಟೆಫ್ಲಾನ್ ಟೇಪು ಮಾತ್ರ. ಹಳೆಯ ಪ್ಲಂಬರುಗಳು ಸೆಣಬಿನ ನಾರಿಗೆ ಬಣ್ಣ ಸವರಿ ಮರೆಗೆ ಸುತ್ತುತ್ತಿದ್ದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಈಗ ಅದರ ಜಾಗದಲ್ಲಿ ಈ ಬಿಳಿಯ ರಿಬ್ಬನ್ನು. ಅಂಟಿಲ್ಲ, ಅಂಚಿಲ್ಲ, ತುದಿ ಸಿಕ್ಕುವುದಿಲ್ಲ, ಸಿಕ್ಕಿದ ತುದಿ ಬೆರಳಿಗೆ ನಿಲ್ಲುವುದಿಲ್ಲ. ಇದರ ಜನ್ಮಕತೆ ಲೀಲಾವತಿಯ ಕತೆಗೆ ದಾಯಾದಿ. 1938ರ ಏಪ್ರಿಲ್ 6ರಂದು ಅಮೆರಿಕದಲ್ಲಿ ರಾಯ್ ಪ್ಲಂಕೆಟ್ ಎಂಬ ತರುಣ ರಸಾಯನಶಾಸ್ತ್ರಜ್ಞ ಫ್ರಿಜ್ಜಿಗೆ ಹೊಸ ಅನಿಲ ಹುಡುಕುತ್ತ ಒಂದು ಸಿಲಿಂಡರಿನ ಕೊಳಾಯಿ ತಿರುಗಿಸಿದ. ಏನೂ ಬರಲಿಲ್ಲ. ಅನಿಲ ಸೋರಿಹೋಗಿರಬೇಕು ಎಂದು ತೂಗಿ ನೋಡಿದರೆ ತೂಕ ಇದ್ದಷ್ಟೇ ಇದೆ. ನಮ್ಮಂಥವರಾದರೆ ಒಂದು ಒದೆ ಕೊಟ್ಟು ಇನ್ನೊಂದು ಸಿಲಿಂಡರ್ ತರಿಸುತ್ತಿದ್ದೆವು. ಅವನು ಗರಗಸ ಹಾಕಿ ಕೊಯ್ಯಿಸಿದ. ಒಳಗೆ ಜಾರುಜಾರಾದ ಬಿಳಿ ಪುಡಿ, ಯಾವ ಆಮ್ಲಕ್ಕೂ ಜಗ್ಗದ್ದು. ಮುಂದೆ ಅಣುಬಾಂಬು ಮಾಡುವಾಗ ಯುರೇನಿಯಮ್ಮಿನ ಕೊರೆಯುವ ಅನಿಲ ಸಂದುಗಳಲ್ಲಿ ಸೋರದಿರಲೆಂದು ಅದನ್ನೇ ಬಳಸಿದರು. ಅಷ್ಟೆಲ್ಲ ಉಗ್ರ ಚರಿತ್ರೆಯ ವಸ್ತು ಇಪ್ಪತ್ತು ರೂಪಾಯಿಗೆ ನನ್ನ ಜುಬ್ಬಾದ ಜೇಬಿನಲ್ಲಿ ಮನೆಗೆ ಬಂತು.

ನಟ್ಟು ಬಿಚ್ಚಿದೆ. ಕಾಕಿನ ಮರೆಗೆ ಟೇಪನ್ನು ಭಕ್ತಿಯಿಂದ ಹನ್ನೆರಡು ಸುತ್ತು ಸುತ್ತಿದೆ. ನಟ್ಟು ಕೂರಿಸಿ ತಿರುಗಿಸಿದರೆ ಟೇಪೆಲ್ಲ ಬಿಚ್ಚಿಕೊಂಡು ಜನಿವಾರದಂತೆ ಜೋತುಬಿತ್ತು. ಸುತ್ತಿದ್ದು ಎದುರು ದಿಕ್ಕಿಗೆ. ಮತ್ತೆ ಸರಿಯಾದ ದಿಕ್ಕಿಗೆ ಸುತ್ತಿದೆ. ಬಿಗಿ ಮಾಡಿದೆ. ತಾರಸಿಗೆ ಹೋಗಿ ವಾಲ್ವು ತೆರೆದು ಬಂದು ನೋಡಿದರೆ ನಿಮಿಷಕ್ಕೆ ಹನ್ನೊಂದು ಹನಿ. ಪಾನ ಹಾಕಿ ಇನ್ನೊಂದು ಚೂರು ಬಿಗಿದೆ. ಏಳು. ಇನ್ನೊಂದು ಚೂರು. ನಾಲ್ಕು. ಗೆಲುವು ಇಷ್ಟು ಹತ್ತಿರ ಬಂದಾಗ ಯಾರು ತಾನೇ ನಿಲ್ಲಿಸುತ್ತಾರೆ? ಹಲ್ಲು ಕಚ್ಚಿ ಕೊನೆಯದೊಂದು ಎಳೆತ ಕೊಟ್ಟೆ. 'ಟಿಕ್' ಎಂದಿತು. ಬಹಳ ಸಣ್ಣ ಸದ್ದು, ಕಡಲೆಕಾಯಿ ಒಡೆದಷ್ಟು. ಪ್ಲಾಸ್ಟಿಕ್ ನಟ್ಟು ಮೇಲಿನಿಂದ ಕೆಳಗೆ ಬಿರುಕು ಬಿಟ್ಟು, ಕಾವೇರಿ ನೇರ ನನ್ನ ಕನ್ನಡಕಕ್ಕೆ ಚಿಮ್ಮಿತು.

ಒದ್ದೆ ಲುಂಗಿಯಲ್ಲಿ ಮೆಟ್ಟಿಲು ಹತ್ತಿ ವಾಲ್ವು ಮುಚ್ಚಿ ಬರುವಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. "ನಿಮ್ಮಪ್ಪನ ಕೈ ಕಣೋ ನಿಂದು," ಎಂದಳು.

ಅಪ್ಪನಿಗೆ ನಲ್ಲಿ ಸೋರಿದರೆ ಆಗುತ್ತಿರಲಿಲ್ಲ. ಬಾವಿಯ ನೀರು ಸೇದಿ ಬೆಳೆದ ಜೀವ. ಹಳ್ಳಿಮನೆಗೆ ನಲ್ಲಿ ಬಂದ ಮೇಲೆ ರಾತ್ರಿ ಮಲಗುವ ಮುಂಚೆ ಒಂದೊಂದೇ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿ ಬರುವುದು ಅವರ ನಿತ್ಯಪೂಜೆ. ಅವರು ಮುಚ್ಚಿದ ನಲ್ಲಿಯನ್ನು ಅವರೇ ಬಿಚ್ಚಬೇಕು. ಬೆಳಿಗ್ಗೆ ಮುಖ ತೊಳೆಯಲು ಹೋದ ನಾವು ಹಲ್ಲುಪುಡಿಯ ಬಾಯಲ್ಲೇ "ಅಪ್ಪಾ!" ಎಂದು ಕೂಗುತ್ತಿದ್ದೆವು. ಹಾಗೆ ಬಿಗಿದು ಬಿಗಿದು ವಾಷರು ಸವೆಯುತ್ತಿತ್ತು, ಸವೆದು ಸೋರುತ್ತಿತ್ತು, ಸೋರಿದ್ದಕ್ಕೆ ಅವರು ಇನ್ನಷ್ಟು ಬಿಗಿಯುತ್ತಿದ್ದರು. ಅಪ್ಪ ಹೋದ ಮೇಲೆ ಹಿತ್ತಲ ನಲ್ಲಿಯನ್ನು ಬಿಚ್ಚಲು ಮೂವರು ಬೇಕಾದರು.

ಒಡೆದ ನಟ್ಟಿನೊಳಗಿಂದ ನನ್ನ ವಾಷರೂ ಹೊರಬಂತು. ಅಂಗೈ ಮೇಲಿಟ್ಟು ನೋಡಿದೆ. ಕಪ್ಪು ರಬ್ಬರಿನ ಬಿಲ್ಲೆ, ನಡುವೆ ತೂತು, ಕೋಡುಬಳೆಗೆ ಕೂಸು ಹುಟ್ಟಿದ್ದರೆ ಹೀಗಿರುತ್ತಿತ್ತು. ಮೆತ್ತಗಿರಬೇಕಾದದ್ದು ಒಣಗಿದ ನೇರಳೆಹಣ್ಣಿನ ಸಿಪ್ಪೆಯಂತೆ ಬಿರುಸಾಗಿತ್ತು. ಕಾಕಿನ ಹಿತ್ತಾಳೆಯ ಬಾಯಿ ಹದಿನೈದು ವರ್ಷ ಒತ್ತಿ ಒತ್ತಿ ಅದರ ಮೇಲೊಂದು ದುಂಡನೆಯ ಹಳ್ಳ ಕೊರೆದಿತ್ತು. ಆ ಹಳ್ಳಕ್ಕೆ ಅಡ್ಡವಾಗಿ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಕೂದಲೆಳೆಯಷ್ಟು ಸೀಳು. ನಿಮಿಷಕ್ಕೆ ಇಪ್ಪತ್ತು ಹನಿಗಳು ನಡೆದು ಬರುತ್ತಿದ್ದ ಹೆದ್ದಾರಿ ಅದು.

ಎರಡನೆಯ ಸಲ ಅಂಗಡಿಗೆ ಹೋದಾಗ ಅಂಗಡಿಯವರು ನನ್ನ ಲುಂಗಿ ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡರು. "ಕನೆಕ್ಷನ್ ಪೈಪಾ? ಎಷ್ಟು ಇಂಚಿಂದು ಸಾರ್, ಹದಿನೆಂಟಾ, ಇಪ್ಪತ್ನಾಲ್ಕಾ?" ಆಗ ಹೊಳೆಯಿತು, ಗೋಡೆಯ ಮೇಲಿನ ಪೆನ್ಸಿಲಿನ 18. ಹದಿನೈದು ವರ್ಷದ ಹಿಂದಿನ ಕೈಯೊಂದು ಇವತ್ತಿನ ನನಗೆಂದು ಚೀಟಿ ಬರೆದಿಟ್ಟಿತ್ತೇ, ಅಥವಾ ಅದು ಬೇರೆ ಯಾವುದರ ಲೆಕ್ಕವೋ; ನಾನಂತೂ "ಹದಿನೆಂಟು" ಎಂದೆ ಘನವಾಗಿ. "ಅರ್ಧ ಇಂಚಿನ ಮರೆ ತಾನೆ?" ಎಂದರು. ಹೌದು ಎಂದೆ. ಈ ಅರ್ಧ ಇಂಚಿನದೂ ಒಂದು ವಿಚಿತ್ರ. ಅರ್ಧ ಇಂಚೆಂದರೆ 12.7 ಮಿಲಿಮೀಟರು. ಆಮೇಲೆ ಮನೆಯಲ್ಲಿ ಸ್ಕೇಲು ಹಿಡಿದು ಅಳೆದೆ. ಮರೆಯ ಹೊರಗಿನ ಅಡ್ಡಳತೆ ಹತ್ತಿರ ಹತ್ತಿರ 21. ಹಿಂದಿನ ಕಬ್ಬಿಣದ ಪೈಪುಗಳ ಗೋಡೆ ದಪ್ಪಗಿದ್ದು ಒಳಗಿನ ತೂತು ಅರ್ಧ ಇಂಚಿತ್ತಂತೆ. ಲೋಹ ಸುಧಾರಿಸಿ ಗೋಡೆ ತೆಳುವಾಯಿತು, ತೂತು ಅಗಲವಾಯಿತು, ಹಳೆಯ ಮರೆಗಳಿಗೆ ಕೂರಬೇಕಲ್ಲ ಎಂದು ಹೊರಗಿನ ಅಳತೆ ಮಾತ್ರ ಹಾಗೇ ಉಳಿಯಿತು. ಲೆಕ್ಕ ಬರೆಯುವವರು ಯಾರೂ ಇಲ್ಲದಿದ್ದರೂ ನಮ್ಮೂರಿನಲ್ಲಿ ಶಾನುಭೋಗರ ಮನೆ ಶಾನುಭೋಗರ ಮನೆಯೇ.

"ಟೇಪು ಸುತ್ತಿದ್ರಾ?" ಎಂದು ಕೇಳಿದರು.

"ಹನ್ನೆರಡು ಸುತ್ತು."

ಅವರು ನಗಲಿಲ್ಲ, ಅದು ದೊಡ್ಡತನ. "ಟೇಪು ಗೋಡೆ ಕಡೆ ಮರೆಗೆ ಸಾರ್. ಈ ಕಡೆ ನೀರು ಹಿಡಿಯೋದು ವಾಷರ್ರು. ಟೇಪ್ ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ." ಪ್ಲಂಕೆಟ್, ಗರಗಸ, ಅಣುಬಾಂಬು ಎಲ್ಲವೂ ನನ್ನ ಮನೆಯಲ್ಲಿ ದಂಡವಾಯಿತು. "ಕೈಯಲ್ಲಿ ಎಷ್ಟು ಬಿಗಿ ಆಗತ್ತೋ ಅಷ್ಟು ಮಾಡಿ. ಆಮೇಲೆ ಪಾನ ಹಾಕಿ ಕಾಲು ಸುತ್ತು. ಅಷ್ಟಕ್ಕೆ ನಿಲ್ಲಿಸಿಬಿಡಿ." ಎಂದು ಗಾಳಿಯಲ್ಲಿ ಮಣಿಕಟ್ಟನ್ನು ಇಷ್ಟೇ ಇಷ್ಟು ತಿರುಗಿಸಿ ತೋರಿಸಿದರು. ಭರತನಾಟ್ಯದವರು ಒಂದು ಮೊಗ್ಗನ್ನು ಅರಳಿಸುವುದು ಹೀಗೆಯೇ.

ಕಾಲು ಸುತ್ತು! ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೊರಳಿಸಿಕೊಂಡು ಬಂದೆ. ಕನ್ನಡದಲ್ಲಿ ಕಾಲು ಎಂದರೆ ನಡೆಯುವ ಕಾಲೂ ಹೌದು, ನಾಲ್ಕರಲ್ಲಿ ಒಂದು ಪಾಲೂ ಹೌದು. ಸಂಸ್ಕೃತದ ಪಾದವೂ ಹಾಗೆಯೇ, ಹೆಜ್ಜೆಯೂ ಪಾದ, ಪದ್ಯದ ನಾಲ್ಕನೆಯ ಒಂದು ಭಾಗವೂ ಪಾದ. ಸೇರಿನ ಕಾಲು ಭಾಗ ಪಾವು. ನಾಲ್ಕು ಕಾಲಿನ ಹಸುವನ್ನು ನೋಡಿ ಲೆಕ್ಕ ಕಲಿತವರು ನಾವು. ಹಾಗಿದ್ದರೆ ಪಾಯಖಾನೆಯಲ್ಲಿ ಕೂತು ಕಾಲು ಸುತ್ತು ತಿರುಗಿಸುವುದರಲ್ಲಿ ಏನೋ ಒಂದು ಒಪ್ಪವಿದೆ ಎನ್ನಿಸಿತು. ಲೆಕ್ಕವನ್ನೂ ಹಾಕಿದೆ. ಅರ್ಧ ಇಂಚಿನ ಮರೆಯಲ್ಲಿ ಇಂಚಿಗೆ 14 ಸುತ್ತು. ಒಂದು ಸುತ್ತು ತಿರುಗಿದರೆ ನಟ್ಟು ಮುಂದೆ ಹೋಗುವುದು ಎರಡು ಮಿಲಿಮೀಟರಿಗೂ ಕಡಿಮೆ. ಕಾಲು ಸುತ್ತಿಗೆ ಅರ್ಧ ಮಿಲಿಮೀಟರೂ ಇಲ್ಲ; ಕಿರುಬೆರಳಿನ ಉಗುರಿನ ದಪ್ಪ. ಸೋರುವುದಕ್ಕೂ ಒಡೆಯುವುದಕ್ಕೂ ನಡುವೆ ಇರುವ ಜಾಗ ಅಷ್ಟೇ. ಅಮ್ಮ ಇದಕ್ಕೆ ಹದ ಎನ್ನುತ್ತಾಳೆ. ಪಾಕಕ್ಕೂ ಅದೇ ಮಾತು, ದೋಸೆಹಿಟ್ಟಿಗೂ ಅದೇ ಮಾತು, ಉಳುವ ಮಣ್ಣಿಗೂ ಅದೇ. ಎಷ್ಟು ಎಂದು ಕೇಳಿದರೆ "ಗೊತ್ತಾಗತ್ತೆ" ಎನ್ನುತ್ತಾಳೆ. ನನಗೆ ಗೊತ್ತಾಗಲು ಒಂದು ನಟ್ಟು ಬೇಕಾಯಿತು.

ಹೊಸ ಪೈಪಿನ ವಾಷರು ಮೆತ್ತಗಿತ್ತು, ಹಿಸುಕಿದರೆ ಉಬ್ಬುತ್ತಿತ್ತು. ಕೈಯಲ್ಲಿ ತಿರುಗಿಸಿದೆ. ನಿಂತಿತು. ಪಾನ ಹಾಕಿದೆ. ಉಸಿರು ಹಿಡಿದು, ಗಡಿಯಾರದ ಮುಳ್ಳು ಹನ್ನೆರಡರಿಂದ ಮೂರಕ್ಕೆ ಬರುವಷ್ಟು. ಕೈ ಇನ್ನೂ ಸ್ವಲ್ಪ ಎಂದಿತು. ಅಪ್ಪನ ಕೈ. ಪಾನವನ್ನು ತೆಗೆದು ಕಿಟಕಿಯ ಮೇಲಿಟ್ಟೆ.

ನೀರು ಬಿಟ್ಟು, ಟ್ಯಾಂಕಿನ ಮುಚ್ಚಳ ತೆಗೆದು ತುಂಬುವುದನ್ನು ನೋಡುತ್ತ ನಿಂತೆ. ನಮ್ಮದು ಹಳೆಯ ಕಾಲದ್ದು, ಚೆಂಡಿರುವ ಬಾಲ್ ಕಾಕು. ನೀರು ಏರಿದಂತೆ ಚೆಂಡು ತೇಲಿ ಏರುತ್ತದೆ, ಚೆಂಡಿನ ತೋಳು ಕಾಕಿನ ಬಾಯನ್ನು ಮೆಲ್ಲಗೆ ಒತ್ತುತ್ತದೆ, ಸದ್ದು ಸಣ್ಣದಾಗುತ್ತ ಆಗುತ್ತ ಒಂದು ಶಿಳ್ಳೆಯಾಗಿ ನಿಲ್ಲುತ್ತದೆ. ಸಾಕು ಎಂಬ ಮಾತನ್ನು ಇಷ್ಟು ಸಲೀಸಾಗಿ ಹೇಳುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ, ಊಟಕ್ಕೆ ಕೂತ ನನ್ನನ್ನೂ ಸೇರಿಸಿ. ಇಂಗ್ಲೆಂಡಿನ ಸರ್ ಜಾನ್ ಹ್ಯಾರಿಂಗ್ಟನ್ ಎಂಬ ಕವಿ, ಮೊದಲನೆಯ ಎಲಿಜಬೆತ್ ರಾಣಿಯ ಧರ್ಮಪುತ್ರ, ನೀರಿನ ತೊಟ್ಟಿಯಿರುವ ಕಕ್ಕಸೊಂದನ್ನು ಮಾಡಿ 1596ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಅದರ ಚಿತ್ರದಲ್ಲಿ ಮೇಲಿನ ತೊಟ್ಟಿಯಲ್ಲಿ ಮೀನುಗಳು ಈಜಾಡುತ್ತಿವೆ. ಯಾಕೆ ಮೀನು? ನೀರಿದೆ ಎಂದು ತೋರಿಸಲು ಎನ್ನಬಹುದು. ಕವಿಯಲ್ಲವೇ, ಸುಮ್ಮನೆ ಬಿಟ್ಟಿರಲೂಬಹುದು. ನಾನು ಇಣುಕಿ ನೋಡಿದೆ. ನಮ್ಮದರಲ್ಲಿ ಚೆಂಡು ಮಾತ್ರ ಇತ್ತು.

ನಟ್ಟಿನ ಕೆಳಗೆ ಹಳೆಯ ಪೇಪರಿನ ಒಂದು ತುಂಡು ಹಾಸಿದೆ. ಹತ್ತು ನಿಮಿಷ ಬಿಟ್ಟು ಹೋಗಿ ನೋಡಿದೆ, ಒಣಗಿತ್ತು. ಅರ್ಧ ಗಂಟೆಗೆ ನೋಡಿದೆ, ಒಣಗಿತ್ತು. ಊಟಕ್ಕೆ ಮುಂಚೆ, ಊಟದ ಮಧ್ಯೆ ಮಜ್ಜಿಗೆಗೆ ಕಾಯುವಾಗ, ಊಟವಾದ ಮೇಲೆ, ಮಲಗಿ ಎದ್ದ ಮೇಲೆ ನೋಡಿದೆ. ಅಷ್ಟು ಸುಖವಾದ ಏನೂ ಆಗದಿರುವಿಕೆಯನ್ನು ನಾನು ಇದುವರೆಗೆ ಕಂಡಿರಲಿಲ್ಲ. ಸಂಜೆ ಕಾಲೊರಸು ಕೂಡ ಒಣಗಿತು. ಹಳೆಯ ವಾಷರನ್ನು ಎಸೆಯಲು ಮನಸ್ಸು ಬಾರದೆ ಮೇಜಿನ ಮೇಲಿಟ್ಟೆ. ಅದು ಏನೆಂದು ಕೇಳಿ ತಿಳಿದುಕೊಂಡ ಹೆಂಡತಿ, ತನ್ನ ಪೌಡರು ಯಾಕೆ ಅರ್ಧವಾಗಿದೆ ಎಂದೂ ಕೇಳಿದಳು. ಸಂಜೆ ಆರಕ್ಕೆ 'ಪ್ಲಂಬರ್ ಬರ್ತೀನಿ ಅಂತಾರೆ' ಫೋನು ಮಾಡಿ, "ನಾಳೆ ಬರ್ತೀನಿ ಸಾರ್" ಅಂದರು. ಬನ್ನಿ ಅಂದೆ. ಯಾಕೆ ಹಾಗೆಂದೆನೋ, ಬಂದರೆ ತೋರಿಸಬಹುದಲ್ಲ ಎಂದಿರಬೇಕು.

ರಾತ್ರಿ ಒಂಬತ್ತಕ್ಕೆ ಎಂಟನೆಯದೋ ಒಂಬತ್ತನೆಯದೋ ಸಲ ನೋಡಿಕೊಂಡು ಹೊರಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಹಬೆಯಾಡುವ ಲೋಟ.

"ಬೆಳಗಿಂದ ನೋಡ್ತಾನೇ ಇದೀನಿ, ಎಷ್ಟು ಸಲ ಹೋಗ್ತೀಯೋ? ಹೊಟ್ಟೆ ಕೆಟ್ಟಿದೆ ಅಂತ ಬಾಯಿಬಿಟ್ಟು ಹೇಳಬಾರದಾ? ಓಮದ ಕಷಾಯ. ಬಿಸಿ ಇರುವಾಗಲೇ ಕುಡಿ."

ಒಣಗಿದ ಕಾಲೊರಸಿನ ಮೇಲೆ ನಿಂತುಕೊಂಡೇ ಕುಡಿದೆ.